ನಕ್ಷತ್ರಗಳಿಗೆ ಹಿಮ್ಮೇಳ ಬೇಕೇ?

ಒಂದು ಸಣ್ಣ ಪ್ರಯೋಗ ಹೇಳ್ತೇನೆ, ಬಿಡುವಾದಾಗ ಮಾಡಿ ನೋಡಿ. ಹಬಲ್ ಅಥವಾ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳನ್ನು ಸಂಗೀತಕ್ಕೆ ಹೊಂದಿಸಿ ಮಾಡಿದ ವೀಡಿಯೋಗಳು ಅಂತರ್ಜಾಲದ ತುಂಬ ಇವೆ. ಅದರಲ್ಲಿ ಒಂದನ್ನು ಆರಿಸಿಕೊಳ್ಳಿ. ಮೊದಲ ಸಲ ದನಿಯನ್ನು ಪೂರ್ತಿ ಅಡಗಿಸಿ ನೋಡಿ. ಎರಡನೇ ಸಲ ದನಿ ಹಾಕಿಕೊಂಡು ನೋಡಿ. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಬರೀ ಕೇಳಿ.

ಮೊದಲ ಸಲ ನನಗೆ ಕಂಡದ್ದು ಚೆಂದದ ಚಿತ್ರಗಳು. ನಿಜವಾಗ್ಲೂ ಚೆಂದ. ಆದರೆ ಎರಡು ನಿಮಿಷಕ್ಕೆಲ್ಲ ಮನಸ್ಸು ನಾಳೆಯ ಕೆಲಸದ ಕಡೆ ಹೊರಟಿತ್ತು. ಎರಡನೇ ಸಲ ಮೈಮೇಲೆ ಮುಳ್ಳೆದ್ದವು, ಗಂಟಲು ಕಟ್ಟಿತು. ಮೂರನೇ ಸಲವೂ ಮೈಮೇಲೆ ಮುಳ್ಳೆದ್ದವು. ಆಗ ಎದುರಿಗೆ ಒಂದೇ ಒಂದು ನಕ್ಷತ್ರ ಇರಲಿಲ್ಲ, ನೋಡಿ! ನನ್ನ ತಕರಾರು ಹುಟ್ಟಿದ್ದು ಅಲ್ಲಿಂದ. ಹಾಗಾದರೆ ಎರಡನೇ ಸಲ ನನ್ನ ಗಂಟಲು ಕಟ್ಟಿದ್ದು ಯಾವುದಕ್ಕೆ? ಗ್ಯಾಲಕ್ಸಿಗಳಿಗೋ, ಪಿಟೀಲುಗಳಿಗೋ? ಪಿಟೀಲಿಗೆ ಅಂತಾದರೆ, ‘ವಿಶ್ವವನ್ನು ಕಂಡು ಬೆರಗಾದೆ’ ಅಂತ ನಾನು ಹೇಳಿಕೊಳ್ಳುವುದು ಎಷ್ಟು ಸರಿ? ಆ ಬೆರಗನ್ನು ನನ್ನೊಳಗೆ ಎಬ್ಬಿಸಿದವರು ನನಗೆ ಏನನ್ನೋ ತೋರಿಸಿದರೋ, ನನಗೆ ಏನನ್ನೋ ಮಾಡಿದರೋ?

ಇದು ಬರೀ ರುಚಿಯ ಪ್ರಶ್ನೆ ಅಂತ ತಳ್ಳಿಹಾಕಬಹುದು. ‘ಸಂಗೀತ ಇಷ್ಟವಾದ್ರೆ ಕೇಳಿ, ಇಲ್ಲಾಂದ್ರೆ ದನಿ ಅಡಗಿಸಿ, ಅದಕ್ಯಾಕೆ ಇಷ್ಟು ತಲೆಬಿಸಿ?’ ಅಂತ ಕೇಳುವವರೂ ಇದ್ದಾರೆ. ಆದರೆ ವಿಜ್ಞಾನ ನಮಗೆ ಕೊಟ್ಟ ಮಾತೊಂದಿದೆ: ‘ನಿಮಗೆ ಇಷ್ಟವಾಗುವುದನ್ನು ಅಲ್ಲ, ಇರುವುದನ್ನು ಹೇಳುತ್ತೇನೆ’ ಅಂತ. ಆ ಮಾತು ಕೊಟ್ಟವರೇ ಹಿಂದಿನಿಂದ ವಾದ್ಯ ನುಡಿಸಿ ನಮ್ಮನ್ನು ಕರಗಿಸುತ್ತಾರೆ ಅಂದರೆ, ಕೇಳಬೇಕಾದ ಪ್ರಶ್ನೆ ಇದ್ದೇ ಇದೆ.

ಒಂದು ನಿಜವಾದ ಉದಾಹರಣೆ ಇಟ್ಟುಕೊಂಡು ಮಾತಾಡೋಣ. 1995ರ ಡಿಸೆಂಬರ್. ಹಬಲ್ ಆಕಾಶಕ್ಕೆ ಹೋಗಿ ಐದು ವರ್ಷವಾಗಿತ್ತು. ಅದರ ಕನ್ನಡಿಯ ದೋಷವನ್ನು ಗಗನಯಾತ್ರಿಗಳು ಸರಿಪಡಿಸಿ ಎರಡು ವರ್ಷವಾಗಿತ್ತು. ಆ ದೂರದರ್ಶಕದ ಒಂದೊಂದು ಗಂಟೆಗೂ ಜಗತ್ತಿನ ಖಗೋಳಜ್ಞರು ಸಾಲುಗಟ್ಟಿ ಕಾಯುತ್ತಾರೆ. ಅಂಥ ಹೊತ್ತಿನಲ್ಲಿ, ಬಾಹ್ಯಾಕಾಶ ದೂರದರ್ಶಕ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್ ತಮ್ಮ ವಿವೇಚನೆಗೆ ಬಿಟ್ಟಿದ್ದ ಸಮಯವನ್ನು ಬಳಸಿ, ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಏನೂ ಇಲ್ಲ ಅನ್ನುವಂತೆ ಕಾಣುವ ಒಂದು ಚೂರು ಆಕಾಶದ ಕಡೆ ಹಬಲ್ ಅನ್ನು ತಿರುಗಿಸಿ ಹತ್ತು ದಿನ ಅಲ್ಲೇ ನಿಲ್ಲಿಸಿದರು. ಚೂರು ಅಂದ್ರೆ ಎಷ್ಟು? ಇಡೀ ಆಕಾಶವನ್ನು 2.4 ಕೋಟಿ ತುಂಡು ಮಾಡಿದರೆ ಅದರಲ್ಲಿ ಒಂದು ತುಂಡು. ನೂರು ಮೀಟರ್ ದೂರದಲ್ಲಿ ಹಿಡಿದ ಟೆನಿಸ್ ಚೆಂಡು ಎಷ್ಟು ಜಾಗ ಮುಚ್ಚುತ್ತದೋ ಅಷ್ಟು. ಅಲ್ಲಿ ಹೆಚ್ಚೇನೂ ಸಿಗಲಿಕ್ಕಿಲ್ಲ ಅಂತ ಅನುಭವಿಗಳೇ ಅನುಮಾನಪಟ್ಟಿದ್ದರು. 342 ಸಲ ತೆರೆದು ಮುಚ್ಚಿದ ಕ್ಯಾಮೆರಾದ ಚಿತ್ರಗಳನ್ನು ಕೂಡಿಸಿದಾಗ ಆ ಚೂರು ಕತ್ತಲೆಯಲ್ಲಿ ಸುಮಾರು 3,000 ಗ್ಯಾಲಕ್ಸಿಗಳು ಕಂಡವು. ಅವುಗಳಲ್ಲಿ ಕೆಲವದರ ಬೆಳಕು ಸಾವಿರ ಕೋಟಿ ವರ್ಷಕ್ಕೂ ಹಿಂದೆ ಹೊರಟದ್ದು, ಅಂದರೆ ನಮ್ಮ ಭೂಮಿ ಹುಟ್ಟುವುದಕ್ಕೂ ಎಷ್ಟೋ ಮೊದಲು.

‘ಹಬಲ್ ಡೀಪ್ ಫೀಲ್ಡ್’ ಅಂತ ಹೆಸರಾದ ಈ ಚಿತ್ರ ಅಮೆರಿಕದ ಸಂಗೀತ ಸಂಯೋಜಕ ಎರಿಕ್ ವಿಟೇಕರ್ ಅವರನ್ನು ಹಿಡಿದುಕೊಂಡಿತು. 2015ರಲ್ಲಿ ಅವರು ‘ಡೀಪ್ ಫೀಲ್ಡ್’ ಅನ್ನುವ ಕೃತಿಯನ್ನು ಆರ್ಕೆಸ್ಟ್ರಾ ಮತ್ತು ಗಾಯಕವೃಂದಕ್ಕಾಗಿ ಬರೆದರು. ಅದರ ಕೊನೆಯ ಭಾಗದಲ್ಲಿ ಸಭಿಕರು ತಮ್ಮ ಮೊಬೈಲ್ ತೆಗೆದು ಒಂದು ಆ್ಯಪ್ ಒತ್ತುತ್ತಾರೆ. ಸಭಾಂಗಣದ ಮೂಲೆ ಮೂಲೆಯಿಂದ ಸಣ್ಣ ಸಣ್ಣ ದನಿಗಳು ಮಿನುಗುತ್ತವೆ. 2018ರಲ್ಲಿ ಇದು ಹಬಲ್ ಚಿತ್ರಗಳ ಜೊತೆ ಸಿನಿಮಾ ಆಯಿತು. ಅದಕ್ಕೆ 120 ದೇಶಗಳ 8,000ಕ್ಕೂ ಹೆಚ್ಚು ಜನ ತಂತಮ್ಮ ಮನೆಯಲ್ಲೇ ಕೂತು ಹಾಡಿ ಕಳಿಸಿದ ದನಿಗಳನ್ನು ಸೇರಿಸಿದರು. ನಾನು ಮೂರು ಸಲ ನೋಡಿದ, ಕೇಳಿದ ಪ್ರಯೋಗ ಇದರ ಮೇಲೆಯೇ.

ಈಗ ತಕರಾರಿನ ಪಕ್ಷದ ವಕೀಲನಾಗಿ ಮಾತಾಡ್ತೇನೆ.

ಮೊದಲನೆಯದಾಗಿ, ಆ ಗ್ಯಾಲಕ್ಸಿಗಳ ನಡುವೆ ನಮ್ಮ ಕಿವಿಗೆ ಕೇಳುವ ಶಬ್ದ ಯಾವುದೂ ಇಲ್ಲ. ಎರಡನೆಯದಾಗಿ, ನಾವು ನೋಡುವ ಬಣ್ಣಗಳೂ ನಾವಂದುಕೊಂಡ ಹಾಗಿಲ್ಲ. 1995ರಲ್ಲೇ ಹಬಲ್ ತೆಗೆದ ‘ಸೃಷ್ಟಿಯ ಸ್ತಂಭಗಳು’ ಚಿತ್ರ ನೆನಪಿಸಿಕೊಳ್ಳಿ. ಕ್ಯಾಲೆಂಡರಿನಿಂದ ಟೀ ಶರ್ಟಿನವರೆಗೆ ಎಲ್ಲೆಲ್ಲೂ ಅಚ್ಚಾದ ಚಿತ್ರ ಅದು. ಅದರಲ್ಲಿ ಜಲಜನಕದ ಬೆಳಕಿಗೆ ಹಸಿರು, ಗಂಧಕದ್ದಕ್ಕೆ ಕೆಂಪು, ಆಮ್ಲಜನಕದ್ದಕ್ಕೆ ನೀಲಿ ಅಂತ ವಿಜ್ಞಾನಿಗಳು ಹಂಚಿಕೊಟ್ಟರು. ಕಣ್ಣಿನ ಲೆಕ್ಕದಲ್ಲಿ ಜಲಜನಕ ಗಂಧಕ ಎರಡರ ಆ ಬೆಳಕೂ ಕೆಂಪೇ. ಹಾಗೇ ಬಿಟ್ಟಿದ್ದರೆ ಎರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಜೇಮ್ಸ್ ವೆಬ್ ಅಂತೂ ಮುಖ್ಯವಾಗಿ ನೋಡುವುದೇ ಅವಗೆಂಪು ಬೆಳಕಿನಲ್ಲಿ, ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಉದ್ದದ ಅಲೆಗಳಿಗೆ ಕೆಂಪು, ಗಿಡ್ಡ ಅಲೆಗಳಿಗೆ ನೀಲಿ ಅಂತ ಕ್ರಮವಾಗಿ ಬಣ್ಣ ಕೊಡುತ್ತಾರೆ. ಬಣ್ಣ ಮಾತ್ರ ಅಲ್ಲ, ಚಿತ್ರವನ್ನು ಯಾವ ಕಡೆ ತಿರುಗಿಸಿ ಇಡಬೇಕು, ಎಲ್ಲಿ ಕತ್ತರಿಸಬೇಕು ಅನ್ನುವುದೂ ಆಯ್ಕೆಯೇ. ಹಬಲ್‌ನ ಎಷ್ಟೋ ಪ್ರಸಿದ್ಧ ಚಿತ್ರಗಳು 19ನೇ ಶತಮಾನದಲ್ಲಿ ಅಮೆರಿಕದ ಪಶ್ಚಿಮ ಭಾಗದ ಬೆಟ್ಟ ಕಣಿವೆಗಳನ್ನು ಬರೆದ ಥಾಮಸ್ ಮೊರಾನ್, ಆಲ್ಬರ್ಟ್ ಬಿಯರ್‌ಸ್ಟಾಟ್ ಅವರ ವರ್ಣಚಿತ್ರಗಳನ್ನು ಹೋಲುತ್ತವೆ ಅಂತ ಕಲಾ ಇತಿಹಾಸಕಾರ್ತಿ ಎಲಿಜಬೆತ್ ಕೆಸ್ಲರ್ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಆಕಾಶಕ್ಕೆ ಮೇಲು ಕೆಳಗು ಅನ್ನುವುದಿಲ್ಲ. ಆದರೂ ಆ ಸ್ತಂಭಗಳು ಬೆಟ್ಟದಂತೆ ನೆಟ್ಟಗೆ ನಿಂತಿವೆ.

ಹೀಗೆ ಬಣ್ಣ ಹಚ್ಚಿ, ನಿಲ್ಲಿಸಿ, ಅದರ ಮೇಲೆ ಎಂಟು ಸಾವಿರ ಕಂಠಗಳ ಹಾಡನ್ನೂ ಸುರಿದರೆ ಉಳಿದದ್ದೇನು? ಮೂಲವಸ್ತುವಿಗಿಂತ ಒಗ್ಗರಣೆಯೇ ಜಾಸ್ತಿ ಆಯ್ತಲ್ಲ? ಇದು ತಕರಾರು.

ಈ ತಕರಾರಿಗೆ ಉತ್ತರ ನನಗೆ ಸಿಕ್ಕಿದ್ದು ಯಕ್ಷಗಾನದ ಕಡೆಯಿಂದ. ಬಯಲಾಟದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಗಳಿಗೆ ಯೋಚಿಸಿ. ಮುಖದ ತುಂಬ ಚಿಟ್ಟಿ, ತಲೆಮೇಲೆ ದೊಡ್ಡ ಕಿರೀಟ, ಅಡ್ಡ ಹಿಡಿದ ತೆರೆ, ಹಿಂದಿನಿಂದ ಚೆಂಡೆಯ ಅಬ್ಬರ. ಮಗು ಅಮ್ಮನ ಸೆರಗು ಹಿಡಿದುಕೊಳ್ಳುತ್ತದೆ. ಲಂಕೆಯ ರಾವಣ ಹೀಗೇ ಇದ್ದ, ಅವನು ನಡೆವಾಗ ಚೆಂಡೆ ಬಡಿಯುತ್ತಿತ್ತು ಅಂತ ಯಾರಾದರೂ ನಂಬುತ್ತಾರಾ? ಯಾರೂ ಇಲ್ಲ. ಹಾಗಂತ ಭಾಗವತರು ನಮಗೆ ಮೋಸ ಮಾಡಿದರು ಅಂತಲೂ ಯಾರೂ ಅನ್ನುವುದಿಲ್ಲ. ಯಾಕೆ? ಕಟ್ಟಿದವರಿಗೂ ನೋಡುವವರಿಗೂ ನಡುವೆ ಒಂದು ಒಪ್ಪಂದ ಇದೆ. ಇದು ವೇಷ, ಇದು ಹಿಮ್ಮೇಳ, ಇದರ ಮೂಲಕ ಹೇಳುತ್ತಿರುವುದು ಕಥೆ ಅಂತ ಇಬ್ಬರಿಗೂ ಗೊತ್ತು. ಗೊತ್ತಿಲ್ಲದವನು ಚೌಕಿಗೆ ಹೋಗಿ ನೋಡಬಹುದು. ಅಲ್ಲಿ ಕಲಾವಿದರು ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಊರ ಹುಡುಗರು ಸುತ್ತ ನಿಂತು ನೋಡುತ್ತಿರುತ್ತಾರೆ. ಅದನ್ನು ನೋಡಿ ಬಂದ ಹುಡುಗನಿಗೆ ರಂಗದ ಮೇಲಿನ ವೇಷ ಕಂಡರೆ ರೋಮಾಂಚ ಕಡಿಮೆಯಾಗುವುದಿಲ್ಲ, ಹೆಚ್ಚೇ ಆಗುತ್ತದೆ.

ಅಂದರೆ ತೊಂದರೆ ಬಣ್ಣದಲ್ಲೂ ಇಲ್ಲ, ಚೆಂಡೆಯಲ್ಲೂ ಇಲ್ಲ. ಬಣ್ಣ ಹಚ್ಚಿದ್ದು ನೋಡುವವರಿಗೆ ಗೊತ್ತಿದೆಯೋ ಇಲ್ಲವೋ ಅನ್ನುವುದರಲ್ಲಿದೆ. ಸುಳ್ಳಿಗೂ ಸಂಪ್ರದಾಯಕ್ಕೂ ಇರುವ ವ್ಯತ್ಯಾಸ ಇದೇ. ಎರಡರಲ್ಲೂ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದಿಲ್ಲ. ಆದರೆ ಸಂಪ್ರದಾಯದಲ್ಲಿ ಚೌಕಿಯ ಬಾಗಿಲು ತೆರೆದಿರುತ್ತದೆ.

ಬಾಹ್ಯಾಕಾಶ ಚಿತ್ರಗಳ ಚೌಕಿ ತೆರೆದಿದೆಯೇ? ನ್ಯಾಯವಾಗಿ ಹೇಳಬೇಕೆಂದರೆ, ತೆರೆದಿದೆ. ಹಬಲ್, ವೆಬ್ ಕಳಿಸಿದ ಮೂಲ ದತ್ತಾಂಶ ಸ್ವಲ್ಪ ಕಾಲದ ನಂತರ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಯಾವ ಶೋಧಕಕ್ಕೆ ಯಾವ ಬಣ್ಣ ಕೊಟ್ಟೆವು ಅಂತ ಪ್ರಕಟಣೆಯಲ್ಲಿ ಬರೆದಿರುತ್ತಾರೆ. ಹವ್ಯಾಸಿಗಳು ಅದನ್ನು ಇಳಿಸಿಕೊಂಡು ತಾವೇ ಚಿತ್ರ ಮಾಡಿಕೊಳ್ಳುತ್ತಾರೆ. ಆದರೆ ಚಿತ್ರ ಊರೂರು ಸುತ್ತುವಾಗ ಅಡಿಬರಹ ಹಿಂದೆ ಬೀಳುತ್ತದೆ. ನೆಪ್ಚೂನ್ ಕಥೆ ಕೇಳಿ. 1989ರಲ್ಲಿ ವಾಯೇಜರ್ 2 ಕಳಿಸಿದ ಚಿತ್ರಗಳಲ್ಲಿ ಅದರ ಮೋಡ, ಗಾಳಿಗಳು ಸ್ಪಷ್ಟವಾಗಿ ಕಾಣಲಿ ಅಂತ ಬಣ್ಣವನ್ನು ಗಾಢ ಮಾಡಿದ್ದರು, ಹಾಗಂತ ಹೇಳಿಯೂ ಇದ್ದರು. ಕಾಲ ಕಳೆದಂತೆ ಹೇಳಿದ ಮಾತು ಕಳಚಿ ಬಿತ್ತು, ಗಾಢ ನೀಲಿ ಉಳಿಯಿತು. ಶಾಲೆಯ ಪುಸ್ತಕಗಳಲ್ಲಿ ಯುರೇನಸ್ ತೆಳು ಹಸಿರು, ನೆಪ್ಚೂನ್ ಕಡು ನೀಲಿ ಅಂತ ಆಯಿತು. 2024ರ ಆರಂಭದಲ್ಲಿ ಆಕ್ಸ್‌ಫರ್ಡಿನ ಪ್ಯಾಟ್ರಿಕ್ ಅರ್ವಿನ್ ಮತ್ತು ಸಂಗಡಿಗರು ಲೆಕ್ಕ ಹಾಕಿ, ಎರಡೂ ಗ್ರಹಗಳು ಹೆಚ್ಚುಕಡಿಮೆ ಒಂದೇ ಬಗೆಯ ತೆಳು ಹಸಿರುನೀಲಿ ಅಂತ ತೋರಿಸಿಕೊಟ್ಟರು. ಇದರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಒಂದು ಸುಳ್ಳು ಮೂವತ್ತು ವರ್ಷ ಬದುಕಿತು.

ಬಣ್ಣಕ್ಕೇ ಹೀಗಾದರೆ ಸಂಗೀತಕ್ಕೆ ಏನಾಗಬಹುದು? ಚಿತ್ರಕ್ಕಾದರೂ ಅಡಿಬರಹ ಅಂತ ಒಂದಿದೆ. ಸಂಗೀತಕ್ಕೆ ಅಡಿಬರಹ ಬರೆಯುವುದು ಎಲ್ಲಿ? ಅದು ಓದುವ ಬುದ್ಧಿಯನ್ನು ದಾಟಿಕೊಂಡು ನೇರವಾಗಿ ಒಳಗೆ ಇಳಿಯುತ್ತದೆ. ಅದರ ಶಕ್ತಿಯೂ ಅದೇ, ಅಪಾಯವೂ ಅದೇ.

ಹಾಗಾಗಿ ಆಕಾಶದ ಚಿತ್ರದ ಜೊತೆ ಬರುವ ಸಂಗೀತವನ್ನೆಲ್ಲ ಒಂದೇ ಬುಟ್ಟಿಗೆ ಹಾಕಬಾರದು ಅಂತ ನನಗನ್ನಿಸುತ್ತದೆ. ಅದರಲ್ಲಿ ಮೂರು ಜಾತಿ ಇದೆ. ಒಂದು ಅಲಂಕಾರ, ಒಂದು ಅನುವಾದ, ಒಂದು ಓಗೊಡುವುದು. ಮೂರರ ನೈತಿಕ ಜವಾಬ್ದಾರಿಯೂ ಬೇರೆ ಬೇರೆ.

ಅನುವಾದದಿಂದ ಶುರು ಮಾಡ್ತೇನೆ. 2020ರಿಂದ ನಾಸಾದ ಚಂದ್ರ ಎಕ್ಸ್-ರೇ ವೀಕ್ಷಣಾಲಯದ ತಂಡ ಕಿಂಬರ್ಲಿ ಆರ್ಕಂಡ್ ಅವರ ಮುಂದಾಳತ್ವದಲ್ಲಿ ಚಿತ್ರಗಳನ್ನು ದನಿಯಾಗಿ ಬದಲಿಸುವ ಕೆಲಸ ಮಾಡುತ್ತಿದೆ. ನಮ್ಮ ಗ್ಯಾಲಕ್ಸಿಯ ಕೇಂದ್ರದ ಚಿತ್ರ ಇದೆ ಅನ್ನಿ. ಎಡದಿಂದ ಬಲಕ್ಕೆ ಒಂದು ಗೆರೆ ಸರಿಯುತ್ತದೆ. ಅದು ಮುಟ್ಟಿದ ಬೆಳಕು ಚಿತ್ರದ ಮೇಲ್ಭಾಗದಲ್ಲಿದ್ದರೆ ತಾರ ಸ್ವರ, ಕೆಳಗಿದ್ದರೆ ಮಂದ್ರ, ಪ್ರಕಾಶ ಹೆಚ್ಚಿದ್ದರೆ ದನಿ ಜೋರು. ಬೇರೆ ಬೇರೆ ದೂರದರ್ಶಕಗಳ ದತ್ತಾಂಶಕ್ಕೆ ಬೇರೆ ಬೇರೆ ವಾದ್ಯ. ಇದು ಚಿತ್ರಕ್ಕೆ ಹಚ್ಚಿದ ಹಿನ್ನೆಲೆ ಸಂಗೀತ ಅಲ್ಲ. ಇದು ಅದೇ ದತ್ತಾಂಶದ ಇನ್ನೊಂದು ರೂಪ. ಅಂಕಿಗಳಿಗೆ ಬಣ್ಣ ಕೊಟ್ಟರೆ ಚಿತ್ರ, ಸ್ವರ ಕೊಟ್ಟರೆ ಇದು.

ಇದರ ಬೆಲೆ ನಮ್ಮಂಥ ಕಣ್ಣಿರುವವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಪೋರ್ಟೊ ರಿಕೊದ ವಾಂಡಾ ಡಿಯಾಸ್ ಮರ್ಸೆಡ್ ವಿದ್ಯಾರ್ಥಿಯಾಗಿದ್ದಾಗಲೇ ಮಧುಮೇಹದಿಂದ ದೃಷ್ಟಿ ಕಳೆದುಕೊಂಡರು. ಖಗೋಳವಿಜ್ಞಾನ ಅಂದರೆ ನೋಡುವ ವಿದ್ಯೆ, ಅಲ್ಲಿಗೆ ಕಥೆ ಮುಗಿಯಿತು ಅಂತಲೇ ಯಾರಾದರೂ ಹೇಳುತ್ತಿದ್ದರು. ಅವರು ದತ್ತಾಂಶವನ್ನು ದನಿಯಾಗಿಸಿ ಕೇಳುವ ವಿಧಾನವನ್ನು ಕಟ್ಟಿಕೊಂಡು ಸಂಶೋಧನೆ ಮುಂದುವರಿಸಿದರು. ಬರೀ ನೋಡುವುದಕ್ಕಿಂತ ನೋಡುತ್ತ ಕೇಳಿದರೆ ಕಣ್ಣಿರುವ ವಿಜ್ಞಾನಿಗಳೂ ಗದ್ದಲದೊಳಗೆ ಹುದುಗಿದ ಸಂಕೇತವನ್ನು ಚೆನ್ನಾಗಿ ಹಿಡಿಯಬಲ್ಲರು ಅಂತಲೂ ತೋರಿಸಿಕೊಟ್ಟರು. ಯೋಚಿಸಿ: ‘ನಿಜವಾದ ವಿಶ್ವಕ್ಕೆ ಶಬ್ದ ಇಲ್ಲ, ಆದ್ದರಿಂದ ದನಿ ಸೇರಿಸಬೇಡಿ’ ಅಂತ ಶುದ್ಧವಾದಿ ಹೇಳಿದರೆ, ಕಣ್ಣಿಲ್ಲದವರು ಕೇಳಬಹುದು, ‘ಎಕ್ಸ್-ರೇಗೆ ಬಣ್ಣವೂ ಇಲ್ಲವಲ್ಲ ಸ್ವಾಮಿ, ನಿಮಗೆ ಮಾತ್ರ ಅದನ್ನು ಕೊಟ್ಟದ್ದು ಯಾಕೆ?’ ಅಂತ. ಇದಕ್ಕೆ ಶುದ್ಧವಾದಿಯ ಬಳಿ ಉತ್ತರ ಇಲ್ಲ. ಎಲ್ಲರಿಗೂ ಸೇರಿದ ಆಕಾಶವನ್ನು ಕೆಲವರ ಇಂದ್ರಿಯಕ್ಕೆ ಮಾತ್ರ ಅನುವಾದಿಸಿ, ಅದನ್ನೇ ಮೂಲ ಅಂತ ಕರೆಯುತ್ತಿದ್ದೆವು ನಾವು.

ಅನುವಾದಕನಿಗೆ ಇರುವ ಕರ್ತವ್ಯ ಎಲ್ಲರಿಗೂ ಗೊತ್ತು: ಮೂಲಕ್ಕೆ ನಿಷ್ಠೆ, ಮತ್ತು ಇದು ಅನುವಾದ ಅಂತ ಮುಖಪುಟದಲ್ಲೇ ಹೇಳುವುದು. ಇಲ್ಲೇ ಎಡವಟ್ಟಾಗುವುದೂ ಉಂಟು. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ನಡುವಿನ ಕಪ್ಪುಕುಳಿ ಸುತ್ತಲಿನ ಬಿಸಿ ಅನಿಲದಲ್ಲಿ ಒತ್ತಡದ ಅಲೆಗಳನ್ನು ಎಬ್ಬಿಸುತ್ತಿದೆ ಅಂತ 2003ರಲ್ಲಿ ತಿಳಿದುಬಂತು. ಅದು ನಿಜವಾಗಿಯೂ ಒಂದು ಬಗೆಯ ಶಬ್ದವೇ. ಆದರೆ ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಸುಮಾರು ಒಂದು ಕೋಟಿ ವರ್ಷ! ಪಿಯಾನೋದ ನಡುವಿನ ಸ್ವರಕ್ಕಿಂತ 57 ಸ್ಥಾಯಿ ಕೆಳಗೆ. 2022ರಲ್ಲಿ ಅದನ್ನು ಕಿವಿಗೆ ಕೇಳಿಸಲು ಅಷ್ಟೂ ಸ್ಥಾಯಿ ಮೇಲೆತ್ತಿದರು. ಒಂದೊಂದು ಸ್ಥಾಯಿ ಏರಿದಾಗಲೂ ಕಂಪನ ದುಪ್ಪಟ್ಟಾಗುತ್ತದೆ. ಹಾಗೆ 57 ಸಲ ದುಪ್ಪಟ್ಟು ಮಾಡಿ ಅಂದರೆ, ಚದುರಂಗದ ಮನೆಗಳಲ್ಲಿ ಅಕ್ಕಿಕಾಳು ಇಟ್ಟ ಕಥೆ ಕೇಳಿದವರಿಗೆ ಅದೆಷ್ಟು ದೊಡ್ಡ ಸಂಖ್ಯೆ ಅಂತ ಅಂದಾಜಾದೀತು. ಆ ವಿವರಣೆಯನ್ನು ನಾಸಾ ಕೊಟ್ಟಿತ್ತು. ಆದರೆ ಮೊಬೈಲಿಂದ ಮೊಬೈಲಿಗೆ ಹಾರಿದ್ದು ‘ಕಪ್ಪುಕುಳಿ ಹೀಗೆ ಕೂಗುತ್ತೆ, ಕೇಳಿ’ ಅನ್ನುವ ಸಾಲು ಮಾತ್ರ. ನನಗೂ ಬಂತು, ಬೆನ್ನಿಗೇ ‘ಇದು ಓಂಕಾರ’ ಅನ್ನುವ ಟಿಪ್ಪಣಿಯೂ ಬಂತು. ಕೋಟಿ ವರ್ಷಕ್ಕೊಂದು ಅಲೆ ಅನ್ನುವ ನಿಜವಾದ ಅದ್ಭುತವನ್ನು ಬಿಟ್ಟು, ಕೆಲವು ಸೆಕೆಂಡಿನ ಹೂಂಕಾರಕ್ಕೆ ಜನ ಕೈಮುಗಿದರು.

ಇನ್ನು ಓಗೊಡುವುದು. ವಿಟೇಕರ್ ಮಾಡಿದ್ದು ಇದು. ಗ್ಯಾಲಕ್ಸಿಗಳು ಹೀಗೆ ಹಾಡುತ್ತವೆ ಅಂತ ಅವರು ಎಲ್ಲೂ ಹೇಳುವುದಿಲ್ಲ. ಇದನ್ನು ಕಂಡ ಒಬ್ಬ ಮನುಷ್ಯನ ಎದೆ ಹೀಗೆ ಹಾಡಿತು ಅಂತ ಹೇಳುತ್ತಾರೆ. ಬೆಟ್ಟದ ತುದಿ ಹತ್ತಿದವನು ಕೂಗು ಹಾಕುತ್ತಾನಲ್ಲ, ಹಾಗೆ. ಆ ಕೂಗು ಬೆಟ್ಟದ್ದಲ್ಲ, ಅವನದು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ನಾನು ಮೊದಲು ಕೇಳಿದ ‘ಗ್ಯಾಲಕ್ಸಿಗೋ ಪಿಟೀಲಿಗೋ’ ಅನ್ನುವ ಪ್ರಶ್ನೆಗೆ ಈಗ ಒಂದು ಉತ್ತರ ಹೊಳೆಯುತ್ತದೆ. ನನಗೆ ಗಂಟಲು ಕಟ್ಟಿದ್ದು ಗ್ಯಾಲಕ್ಸಿಯನ್ನು ಕಂಡು ಗಂಟಲು ಕಟ್ಟಿದ ಇನ್ನೊಬ್ಬ ಮನುಷ್ಯನಿಗೆ, ಮತ್ತವನ ಜೊತೆ ಹಾಡಿದ ಎಂಟು ಸಾವಿರ ಜನಕ್ಕೆ. ಅದರಲ್ಲಿ ಸುಳ್ಳೇನೂ ಇಲ್ಲ. ಒಬ್ಬಂಟಿಯಾಗಿ ಆಕಾಶ ನೋಡಿ ಬೆದರುವುದಕ್ಕೂ ಪಕ್ಕದಲ್ಲಿ ನಾಲ್ಕು ಜನ ಕೂತು ನೋಡುವುದಕ್ಕೂ ಇರುವ ವ್ಯತ್ಯಾಸ ಅದು.

ಉಳಿದದ್ದು ಅಲಂಕಾರ. ಯಾವುದೋ ಸಂಗೀತ ಕಣಜದಿಂದ ತೆಗೆದು ಚಿತ್ರದ ಕೆಳಗೆ ಅಂಟಿಸಿದ್ದು. ಅದೇ ತುಣುಕು ನಿನ್ನೆ ಕಾರಿನ ಜಾಹೀರಾತಿಗಿತ್ತು, ನಾಳೆ ಚುನಾವಣಾ ಪ್ರಚಾರಕ್ಕೆ ಇರುತ್ತದೆ. ಅದಕ್ಕೆ ನೀಹಾರಿಕೆ ಬೇಕಿಲ್ಲ, ನೀಹಾರಿಕೆಗೆ ಅದು ಬೇಕಿಲ್ಲ. ಇದರ ಬಗ್ಗೆ ನನ್ನ ಸಂಶಯ ಹಾಗೇ ಇದೆ. ಯಾಕೆಂದರೆ ಇಲ್ಲಿ ಬೆರಗು ಅನ್ನುವುದು ಯಾವ ವಸ್ತುವಿನ ಬಗ್ಗೆಯೂ ಅಲ್ಲದ ಬರೀ ಮೈನವಿರು.

ಬೆರಗು ತನ್ನಷ್ಟಕ್ಕೆ ಒಳ್ಳೆಯದೇ ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ತತ್ವಜ್ಞಾನ ಬೆರಗಿನಿಂದ ಶುರುವಾಗುತ್ತದೆ ಅಂತ ಪ್ಲೇಟೋ, ಅರಿಸ್ಟಾಟಲ್ ಇಬ್ಬರೂ ಹೇಳಿದ್ದಾರೆ. ನಮ್ಮ ನಾಟ್ಯಶಾಸ್ತ್ರ ಅದ್ಭುತವನ್ನು ಒಂದು ರಸವೆಂದೇ ಎಣಿಸಿ, ವಿಸ್ಮಯವನ್ನು ಅದರ ಸ್ಥಾಯಿಭಾವ ಅನ್ನುತ್ತದೆ. ಕಣ್ಣರಳುವುದು, ರೋಮಾಂಚ, ಕಣ್ಣೀರು, ಎಲ್ಲವನ್ನೂ ಪಟ್ಟಿ ಮಾಡುತ್ತದೆ. ಆದರೆ ವಿಸ್ಮಯವನ್ನು ಹೇಗೆ ಹುಟ್ಟಿಸಬೇಕು ಅಂತ ಚೆನ್ನಾಗಿ ಬಲ್ಲವರು ಕವಿಗಳು, ವಿಜ್ಞಾನಿಗಳು ಮಾತ್ರ ಅಲ್ಲ. ರಾಜರಿಗೆ ಗೊತ್ತಿತ್ತು, ಮಠಾಧಿಪತಿಗಳಿಗೆ ಗೊತ್ತು, ಲಕ್ಷ ಜನರ ಸಭೆ ಸೇರಿಸುವವರಿಗೂ ಗೊತ್ತು. ದೊಡ್ಡ ಗಾತ್ರ, ಕತ್ತಲೆ ಬೆಳಕು, ಎದೆ ನಡುಗಿಸುವ ವಾದ್ಯ. ಇಷ್ಟು ಸಾಕು, ಮನುಷ್ಯ ತಾನು ಸಣ್ಣವನು ಅಂದುಕೊಳ್ಳುತ್ತಾನೆ, ಬಾಯಿ ಮುಚ್ಚುತ್ತಾನೆ. ಬಾಯಿ ಮುಚ್ಚಿಸುವ ಬೆರಗು ಒಂದು. ಬಾಯಿ ತೆರೆಸಿ ಪ್ರಶ್ನೆ ಕೇಳಿಸುವ ಬೆರಗು ಇನ್ನೊಂದು. ಎರಡಕ್ಕೂ ಮೈನವಿರು ಒಂದೇ ಥರ ಏಳುತ್ತದೆ, ಅದೇ ಕಷ್ಟ. ಆ ಗಳಿಗೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಮರುದಿನ ಬೆಳಗ್ಗೆ ತಿಳಿಯುತ್ತದೆ.

ಒಂದು ಚಳಿಗಾಲದ ರಾತ್ರಿ, ಶಾಲೆಯೊಂದರ ಮೈದಾನದಲ್ಲಿ ಹವ್ಯಾಸಿಗಳು ಟೆಲಿಸ್ಕೋಪ್ ಇಟ್ಟು ಊರವರಿಗೆಲ್ಲ ಆಕಾಶ ತೋರಿಸುತ್ತಿದ್ದರು. ಮಹಾವ್ಯಾಧನ ಖಡ್ಗದ ಜಾಗದಲ್ಲಿರುವ ನೀಹಾರಿಕೆಯನ್ನು ನೋಡಲು ಉದ್ದದ ಸಾಲು. ನನ್ನ ಮುಂದಿದ್ದ ಎಂಟನೇ ಕ್ಲಾಸಿನ ಹುಡುಗಿ ಕಣ್ಣಿಟ್ಟು ನೋಡಿ, ತಲೆ ಎತ್ತಿ ಕೇಳಿದಳು:

“ಸರ್, ಇಷ್ಟೇನಾ? ಯೂಟ್ಯೂಬಲ್ಲಿ ಪಿಂಕ್ ಕಲರ್ ಇರುತ್ತಲ್ಲ.”

ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಹಾಗಾಗಿ ಸಣ್ಣ ಟೆಲಿಸ್ಕೋಪಿನಲ್ಲಿ ಅದು ಬೂದು ಬಣ್ಣದ ಮಸುಕು ಹೊಗೆಯ ಹಾಗೆ ಕಾಣುತ್ತದೆ. ತೋರಿಸುತ್ತಿದ್ದವರು ಬೇಸರ ಮಾಡಿಕೊಳ್ಳಲಿಲ್ಲ.

“ಹೂಂ ಪುಟ್ಟಿ, ಇಷ್ಟೇ. ಆ ಪಿಂಕ್ ಫೋಟೋ ಮಷೀನು ತೆಗೆದದ್ದು. ಇದು ನಿನ್ನ ಕಣ್ಣೇ ತೆಗೀತಿರೋದು. ಈ ಬೆಳಕು ಅಲ್ಲಿಂದ ಹೊರಟಾಗ ಬಾದಾಮೀಲಿ ಚಾಲುಕ್ಯರು ಆಳ್ತಿದ್ರು. ಸಾವಿರದ ಮುನ್ನೂರು ಚಿಲ್ಲರೆ ವರ್ಷ ದಾರೀಲಿ ಎಲ್ಲೂ ನಿಲ್ದೆ ಬಂದು, ಈಗ ತಾನೇ ನಿನ್ನ ಕಣ್ಣೊಳಗೆ ಇಳೀತು. ಇನ್ನೊಂದ್ಸಲ ನೋಡು.”

ಅವಳು ಇನ್ನೊಮ್ಮೆ ನೋಡಿದಳು. ಸಾಲಿನವರು ಗೊಣಗುವಷ್ಟು ಹೊತ್ತು ನೋಡಿದಳು. ಆಮೇಲೆ, “ಹಾಗಾದ್ರೆ ಈಗ ಅಲ್ಲಿ ಏನಿದೆ ಸರ್?” ಅಂದಳು.

ಅಲ್ಲಿ ಸಂಗೀತ ಇರಲಿಲ್ಲ, ಬಣ್ಣ ಇರಲಿಲ್ಲ. ಒಂದು ನಿಜ ಸಂಗತಿ, ಅದನ್ನು ಸರಿಯಾದ ಹೊತ್ತಿಗೆ ಹೇಳಿದ ಒಬ್ಬ ಮನುಷ್ಯ, ಅಷ್ಟೇ. ಹಾಗಾದರೆ ವೀಡಿಯೋಗಳು ಅವಳ ಕಣ್ಣು ಕೆಡಿಸಿದ್ದವು, ಈ ಮನುಷ್ಯ ಸರಿಮಾಡಿದರು ಅಂತ ತೀರ್ಮಾನಿಸಲು ನಾನು ಹೊರಟಿದ್ದೆ. ಆದರೆ ಅದೂ ಪೂರ್ತಿ ನ್ಯಾಯವಲ್ಲ. ಆ ಚಳಿಯಲ್ಲಿ ಅವಳು ಸಾಲಿನಲ್ಲಿ ಬಂದು ನಿಂತದ್ದೇ ಆ ಗುಲಾಬಿ ಬಣ್ಣದ ವೀಡಿಯೋ ನೋಡಿ. ವೀಡಿಯೋ ಅವಳನ್ನು ಮೈದಾನದ ತನಕ ಕರೆತಂದಿತು. ಅಲ್ಲಿಂದ ಮುಂದೆ ಕರೆದುಕೊಂಡು ಹೋಗಲು ಇನ್ನೊಬ್ಬರು ಬೇಕಾಯಿತು. ಆ ಇನ್ನೊಬ್ಬರು ಇಲ್ಲದ ಕಡೆ ‘ಇಷ್ಟೇನಾ’ ಅನ್ನುವುದೇ ಕೊನೆಯ ಮಾತಾಗಿ ಉಳಿಯುತ್ತದೆ. ಬೆರಗನ್ನು ತಯಾರಿಸುವವರು ಯೋಚಿಸಬೇಕಾದದ್ದು ಇದನ್ನು. ಬರಿಗಣ್ಣಿಗೆ ಕಾಣುವ ಆಕಾಶವನ್ನು ಸಪ್ಪೆ ಅನ್ನಿಸಿಬಿಟ್ಟರೆ, ಆ ಬೆರಗಿನಿಂದ ಆಕಾಶಕ್ಕೆ ಲಾಭವೋ ನಷ್ಟವೋ?

ಬೆರಗಿಗೆ ಇನ್ನೊಂದು ಕೆಲಸವೂ ಇದೆ, ಅದನ್ನು ಮುಚ್ಚಿಡಬಾರದು. ಈ ದೂರದರ್ಶಕಗಳು ಓಡುವುದು ಜನರ ತೆರಿಗೆ ಹಣದಲ್ಲಿ. 2003ರಲ್ಲಿ ಕೊಲಂಬಿಯಾ ನೌಕೆಯ ದುರಂತವಾದ ಮೇಲೆ, 2004ರ ಜನವರಿಯಲ್ಲಿ ನಾಸಾ ಹಬಲ್‌ಗೆ ಹೋಗಬೇಕಿದ್ದ ಕೊನೆಯ ದುರಸ್ತಿ ಯಾತ್ರೆಯನ್ನು ರದ್ದು ಮಾಡಿತು. ಅಂದರೆ ಹಬಲ್ ಕೆಲವೇ ವರ್ಷಗಳಲ್ಲಿ ಕಣ್ಣು ಮುಚ್ಚುತ್ತಿತ್ತು. ವಿಜ್ಞಾನಿಗಳ ಜೊತೆ ಸಾಮಾನ್ಯ ಜನರೂ ಗಲಾಟೆ ಎಬ್ಬಿಸಿದರು. 2006ರಲ್ಲಿ ತೀರ್ಮಾನ ಬದಲಾಯಿತು. 2009ರ ಮೇ ತಿಂಗಳಲ್ಲಿ ಏಳು ಜನ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಿ ಬಂದರು. ಆ ಜನರಲ್ಲಿ ಎಷ್ಟು ಮಂದಿ ಹಬಲ್‌ನ ವೈಜ್ಞಾನಿಕ ಪ್ರಬಂಧ ಓದಿದ್ದರು? ಅವರಿಗೆ ಗೊತ್ತಿದ್ದದ್ದು ಚಿತ್ರಗಳು. ಬಣ್ಣ ಹಚ್ಚಿದ, ಬೆಟ್ಟದಂತೆ ನಿಲ್ಲಿಸಿದ ಚಿತ್ರಗಳು. ಒಂದು ರೀತಿಯಲ್ಲಿ ಬೆರಗೇ ಹಬಲ್‌ನ ಜೀವ ಉಳಿಸಿತು. ಇದನ್ನು ಪ್ರಚಾರ ತಂತ್ರ ಅಂತ ಹಳಿಯಬಹುದು. ಆದರೆ ಹಣ ಕೊಟ್ಟವರಿಗೆ ಫಲದ ರುಚಿ ತೋರಿಸುವುದು ತಂತ್ರವೇನೂ ಅಲ್ಲ, ಋಣ. ಆ ಋಣ ತೀರಿಸುವಾಗ ಹಣ್ಣನ್ನೇ ಕೊಡಬೇಕು, ಮೇಣದ ಹಣ್ಣನ್ನಲ್ಲ. ಅಷ್ಟೇ ನನ್ನ ಷರತ್ತು.

ಹಾಗಾದರೆ ನಕ್ಷತ್ರಗಳಿಗೆ ಹಿಮ್ಮೇಳ ಬೇಕೇ? ನಕ್ಷತ್ರಗಳಿಗೆ ಬೇಡ, ನಮಗೆ ಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. 1977ರಲ್ಲಿ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಧ್ವನಿಮುದ್ರಿಕೆ ಇಟ್ಟು ಕಳಿಸಿದರಲ್ಲ, ಅದರಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ, 55 ಭಾಷೆಗಳ ಶುಭಾಶಯಗಳ ನಡುವೆ ನಮ್ಮ ಕನ್ನಡದ್ದೂ ಒಂದಿದೆ. ಯಾರೂ ಕೇಳಿಸಿಕೊಳ್ಳದೇ ಹೋಗುವ ಸಾಧ್ಯತೆಯೇ ಜಾಸ್ತಿ. ಆದರೂ ಕಳಿಸಿದರು. ‘ನೀವು ಹೀಗಿದ್ದೀರಿ’ ಅಂತ ವಿಶ್ವಕ್ಕೆ ಹೇಳಲು ಕಳಿಸಿದ್ದಲ್ಲ ಅದು, ‘ನಾವು ಹೀಗಿದ್ದೇವೆ’ ಅಂತ ಹೇಳಲು. ಸಂಗೀತ ತನ್ನ ಜಾಗದಲ್ಲಿ ನಿಂತು ಮಾತಾಡುವುದು ಅಂದರೆ ಇದು.

ಹಿಮ್ಮೇಳ ಕಟ್ಟುವವರ ಹತ್ತಿರ ನಾನು ಕೇಳುವುದು ಎರಡೇ. ಚೌಕಿಯ ದಾರಿ ಯಾವುದು ಅಂತ ಆಟದ ನಡುವೆಯೇ ಒಂದು ಸಲ ಹೇಳಿ, ಕೊನೆಯಲ್ಲಿ ಓಡುವ ಸಣ್ಣ ಅಕ್ಷರಗಳಲ್ಲಲ್ಲ. ಇನ್ನೊಂದು, ಎಲ್ಲೋ ಒಂದು ಕಡೆ ವಾದ್ಯ ನಿಲ್ಲಿಸಿ. ಒಂದೇ ನಿಮಿಷ ಸಾಕು. ಭಾಗವತರು ಪದ ಮುಗಿಸಿ ಅರ್ಥಕ್ಕೆ ಜಾಗ ಬಿಡುವಂತೆ, ಆ 3,000 ಗ್ಯಾಲಕ್ಸಿಗಳನ್ನು ಸುಮ್ಮನೆ ತೋರಿಸಿ. ಆ ಮೌನದಲ್ಲಿ ನನಗೆ ನಾಳೆಯ ಕೆಲಸ ನೆನಪಾದರೆ ಅದು ನನ್ನ ಪಾಡು. ಆದರೆ ಯಾರಿಗೋ ಒಬ್ಬರಿಗೆ ‘ಹಾಗಾದ್ರೆ ಈಗ ಅಲ್ಲಿ ಏನಿದೆ?’ ಅಂತ ಕೇಳಬೇಕು ಅನ್ನಿಸಬಹುದು. ಆ ಪ್ರಶ್ನೆ ಹುಟ್ಟಲು ಸ್ವಲ್ಪ ಜಾಗ ಬೇಕು.

ನಮ್ಮ ಪಾಲಿಗೂ ಒಂದು ಕೆಲಸ ಇದೆ. ಏಪ್ರಿಲ್, ಮೇ ತಿಂಗಳ ರಾತ್ರಿ ಕರೆಂಟು ಹೋದಾಗ ಮೊಬೈಲ್ ಟಾರ್ಚ್ ಹಾಕುವ ಮೊದಲು ಅಂಗಳಕ್ಕೋ ತಾರಸಿಗೋ ಹೋಗಿ ಉತ್ತರದ ಕಡೆ ನೋಡಿ. ಸಪ್ತರ್ಷಿ ಮಂಡಲ ಸುಲಭಕ್ಕೆ ಸಿಗುತ್ತದೆ. ಹಬಲ್ ಹತ್ತು ದಿನ ದಿಟ್ಟಿಸಿದ್ದು ಅದೇ ದಿಕ್ಕಿನ ಒಂದು ಚೂರು ಕತ್ತಲೆಯನ್ನು. ಬರಿಗಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ. ಆದರೆ ಅಲ್ಲಿ ಏನಿದೆ ಅಂತ ಈಗ ನಿಮಗೆ ಗೊತ್ತು.